ಪ್ಲಾಸ್ಮಾ ಪ್ರಯೋಗದಲ್ಲಿ ಕ್ಯಾನ್ಸರ್ ಕೋಶಗಳ ಫಲಿತಾಂಶ ವಾರಕ್ಕೊಂದು ಬಗೆಯೇ? ಮೀಡಿಯಂನಿಂದ ಆರಂಭಿಸಿ: ಸಮಗ್ರ ಮಾರ್ಗದರ್ಶಿ

ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳಲ್ಲಿ ಓದಿ, ಎಂಎಸ್ಸಿ ಯೋಜನಾ ಪ್ರಬಂಧಕ್ಕೆಂದು ಧಾರವಾಡ, ಮಣಿಪಾಲ ಅಥವಾ ಗೋವಾದ ಪ್ರಯೋಗಾಲಯಗಳಿಗೆ ಹೋಗುವ ವಿದ್ಯಾರ್ಥಿಗಳು ಒಂದೇ ತೊಂದರೆಯನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ. ಶೀತ ಪ್ಲಾಸ್ಮಾ (ವಿದ್ಯುತ್ತಿನಿಂದ ಅಯಾನೀಕರಿಸಿದ, ಹೆಚ್ಚು ಬಿಸಿಯಾಗದ ಅನಿಲ; ರಕ್ತದ ಪ್ಲಾಸ್ಮಾ ಅಲ್ಲ) ಜೆಟ್‌ಗೆ ಒಡ್ಡಿದ ಕ್ಯಾನ್ಸರ್ ಕೋಶಗಳಲ್ಲಿ ಒಂದು ವಾರ ಅರ್ಧಕ್ಕಿಂತ ಹೆಚ್ಚು ಸಾಯುತ್ತವೆ. ಮುಂದಿನ ವಾರ ಅದೇ ಯಂತ್ರ, ಅದೇ ಅವಧಿ, ಅದೇ ಸೆಲ್ ಲೈನ್ (ಪ್ರಯೋಗಾಲಯದಲ್ಲಿ ಸತತವಾಗಿ ಬೆಳೆಸುವ ಕೋಶಗಳ ತಳಿ) ಇದ್ದರೂ ಒಂದೂ ಸಾಯುವುದಿಲ್ಲ. ಆಗ ಯಂತ್ರವನ್ನು ಬಿಚ್ಚಿ ನೋಡುತ್ತಾರೆ, ವೋಲ್ಟೇಜ್ ಏರಿಸುತ್ತಾರೆ, ಅವಧಿಯನ್ನು ಎರಡು ಪಟ್ಟು ಮಾಡುತ್ತಾರೆ. ನಡುವೆ ಬದಲಾದದ್ದು ಫ್ರಿಜ್‌ನಲ್ಲಿದ್ದ ಮೀಡಿಯಂ, ಅಂದರೆ ಕೋಶಗಳನ್ನು ಬೆಳೆಸುವ ಪೋಷಕ ದ್ರವದ ಬಾಟಲಿ ಎಂಬುದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಪ್ಲಾಸ್ಮಾಕ್ಕೂ ಕೋಶಕ್ಕೂ ನಡುವೆ ಎರಡು ಮೂರು ಮಿಲಿಮೀಟರ್ ದಪ್ಪದ ದ್ರವ ಇರುತ್ತದೆ. ಹೈಡ್ರಾಕ್ಸಿಲ್ ರ್‍ಯಾಡಿಕಲ್‌ನಂಥ ಅಲ್ಪಾಯುಷಿ ಕಣಗಳು ಆ ದ್ರವದ ಮೇಲ್ಪದರದಲ್ಲಿಯೇ ಮುಗಿದುಹೋಗುತ್ತವೆ. ತಳದಲ್ಲಿ ಅಂಟಿಕೊಂಡಿರುವ ಕೋಶಗಳನ್ನು ತಲುಪುವುದು ಬಹುಮಟ್ಟಿಗೆ ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್, ನೈಟ್ರೇಟ್‌ಗಳಂಥ ದೀರ್ಘಾಯುಷಿ ವಸ್ತುಗಳು. ಇವುಗಳಲ್ಲಿ ಎಷ್ಟು ಉಳಿಯಬೇಕು, ಎಷ್ಟು ಇಲ್ಲವಾಗಬೇಕು ಎಂಬುದನ್ನು ಮೀಡಿಯಂನ ಘಟಕಗಳು ನಿರ್ಧರಿಸುತ್ತವೆ. ಆದ್ದರಿಂದ ‘60 ಸೆಕೆಂಡ್ ಪ್ಲಾಸ್ಮಾ’ ಎಂಬುದು ಪ್ರಮಾಣದ ಅಳತೆ ಆಗಲಾರದು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಮಾಡಬೇಕು, ಏಕೆಂದರೆ ಒಂದೊಂದರ ಫಲಿತಾಂಶವೂ ಮುಂದಿನದಕ್ಕೆ ಆಧಾರ.

ಬೇಕಾದ ಸಲಕರಣೆಗಳು

ಪ್ಲಾಸ್ಮಾ ಜೆಟ್ ಅಥವಾ ಡೈಎಲೆಕ್ಟ್ರಿಕ್ ತಡೆ ವಿಸರ್ಜನೆಯ ಸಾಧನ (ನಿರೋಧಕ ಪದರವಿಟ್ಟು ಪ್ಲಾಸ್ಮಾ ಹೊತ್ತಿಸುವ ಯಂತ್ರ), ಅನಿಲದ ಹರಿವನ್ನು ಅಳೆಯುವ ಮೀಟರ್, ಎತ್ತರ ಹೊಂದಿಸಬಹುದಾದ ಸ್ಟ್ಯಾಂಡ್, ಪ್ಲೇಟ್ ರೀಡರ್ ಅಥವಾ ಸ್ಪೆಕ್ಟ್ರೋಫೋಟೋಮೀಟರ್, ಸಣ್ಣ ತುದಿಯ ಪಿಎಚ್ ಎಲೆಕ್ಟ್ರೋಡ್, ಮಿಲಿಗ್ರಾಂವರೆಗೆ ತೂಗುವ ತಕ್ಕಡಿ, ತೇವಾಂಶ ಮಾಪಕ ಬೇಕು. ರಾಸಾಯನಿಕಗಳಲ್ಲಿ ಟೈಟಾನಿಯಂ ಆಕ್ಸಿಸಲ್ಫೇಟ್ (ಪೆರಾಕ್ಸೈಡ್ ಅಳೆಯಲು), ಗ್ರೀಸ್ ಪ್ರತಿಕಾರಕ (ನೈಟ್ರೈಟ್ ಅಳೆಯಲು), ಸೋಡಿಯಂ ಅಜೈಡ್, ಕೆಟಲೇಸ್ (ಪೆರಾಕ್ಸೈಡನ್ನು ಒಡೆಯುವ ಕಿಣ್ವ), ಸೋಡಿಯಂ ಪೈರುವೇಟ್ ಮತ್ತು ಹೊಸದಾಗಿ ತೆರೆದ 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಇರಬೇಕು.

ಸುರಕ್ಷತೆಯ ಬಗ್ಗೆ ಮೂರು ಮಾತು. ಜೆಟ್ ಓಝೋನ್ ಉಂಟುಮಾಡುತ್ತದೆ. ಮೂಗಿಗೆ ತೀಕ್ಷ್ಣವಾದ ವಾಸನೆ ಬಂದರೆ ಗಾಳಿ ಹೊರಹೋಗುವ ವ್ಯವಸ್ಥೆ ಸಾಲದು ಎಂದೇ ತಿಳಿಯಬೇಕು. ಸೋಡಿಯಂ ಅಜೈಡ್‌ಗೆ ಆಮ್ಲ ತಾಗಿದರೆ ವಿಷಾನಿಲ ಹೊರಡುವುದರಿಂದ ಆ ಕೆಲಸ ಫ್ಯೂಮ್ ಹುಡ್‌ನಲ್ಲಿಯೇ ಆಗಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಆರ್ಗಾನ್ ಅಥವಾ ಹೀಲಿಯಂ ಸೋರಿದರೆ ಉಸಿರಾಟದ ಆಮ್ಲಜನಕವೇ ಕಡಿಮೆಯಾಗುತ್ತದೆ. ಇಲ್ಲಿ ಹೇಳುತ್ತಿರುವುದೆಲ್ಲ ಪ್ಲೇಟ್‌ನಲ್ಲಿ ಬೆಳೆದ ಕೋಶಗಳ ಮಾತು. ರೋಗಿಗಳ ಚಿಕಿತ್ಸೆಗೆ ಇದನ್ನು ಅನ್ವಯಿಸಬಾರದು.

ಹಂತ 1: ಬಾಟಲಿಯ ಘಟಕಗಳ ಪಟ್ಟಿಯನ್ನು ಓದಿ ಬರೆದಿಡಿ

‘ಡಿಎಂಇಎಂ’ ಎಂಬ ಸಾಮಾನ್ಯ ಮೀಡಿಯಂನ ಹೆಸರೊಂದರಿಂದ ಏನೂ ತಿಳಿಯುವುದಿಲ್ಲ. ಅದರಲ್ಲಿ ಸೋಡಿಯಂ ಪೈರುವೇಟ್ ಇರುವ ಬಗೆಯೂ ಉಂಟು, ಇಲ್ಲದ ಬಗೆಯೂ ಉಂಟು. ಗಿಬ್ಕೊ ಸಂಸ್ಥೆಯ 11965 ಸಂಖ್ಯೆಯ ಬಾಟಲಿಯಲ್ಲಿ ಪೈರುವೇಟ್ ಇಲ್ಲ. 11995ರಲ್ಲಿ ಲೀಟರಿಗೆ 110 ಮಿಲಿಗ್ರಾಂ, ಅಂದರೆ 1 ಮಿಲಿಮೋಲಾರ್ ಇದೆ. ಎರಡೂ ಕೆಂಪು, ಎರಡರಲ್ಲೂ ಕೋಶಗಳು ಚೆನ್ನಾಗಿಯೇ ಬೆಳೆಯುತ್ತವೆ. ಸ್ಟಾಕ್ ಮುಗಿದಾಗ ಒಂದರ ಬದಲು ಇನ್ನೊಂದನ್ನು ತರಿಸಿದರೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ನೀವು ಯಾವ ಕಂಪನಿಯ ಮೀಡಿಯಂ ಬಳಸಿದರೂ ಕ್ಯಾಟಲಾಗ್ ಸಂಖ್ಯೆ ಮತ್ತು ಲಾಟ್ (ತಯಾರಿಕೆಯ ಕಂತು) ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಏರಿಸಿ, ಆಮೇಲೆ ಈ ಕೆಳಗಿನ ಘಟಕಗಳನ್ನು ಹುಡುಕಿ.

ಪೈರುವೇಟ್ ಎಲ್ಲಕ್ಕಿಂತ ಮುಖ್ಯ. ಅದರ ಒಂದು ಅಣು ಹೈಡ್ರೋಜನ್ ಪೆರಾಕ್ಸೈಡ್‌ನ ಒಂದು ಅಣುವಿನೊಡನೆ ಕೂಡಿ ಅಸಿಟೇಟ್, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಸಾಮಾನ್ಯ ಜೆಟ್ ಒಂದೆರಡು ನಿಮಿಷಗಳಲ್ಲಿ ಕೊಡುವ ಪೆರಾಕ್ಸೈಡ್ ಹತ್ತಾರರಿಂದ ಕೆಲವು ನೂರು ಮೈಕ್ರೋಮೋಲಾರ್ ಇರುವುದರಿಂದ, 1 ಮಿಲಿಮೋಲಾರ್ ಪೈರುವೇಟ್ ಅದನ್ನು ಪೂರ್ತಿಯಾಗಿ ಇಲ್ಲವಾಗಿಸಬಲ್ಲದು. ಈ ಕ್ರಿಯೆ ಕ್ಷಣಮಾತ್ರದ್ದಲ್ಲ, ನಿಮಿಷಗಳ ಲೆಕ್ಕದ್ದು. ಪೆರಾಕ್ಸೈಡ್ ಅಳೆದ ಸಮಯವನ್ನು ಬರೆಯದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲದಿರುವುದು ಇದೇ ಕಾರಣಕ್ಕೆ.

ಆರ್‌ಪಿಎಂಐ 1640 ಎಂಬ ಇನ್ನೊಂದು ಮೀಡಿಯಂನ ಮೂಲ ಸೂತ್ರದಲ್ಲಿ ಪೈರುವೇಟ್ ಇಲ್ಲ, ಆದರೆ ಲೀಟರಿಗೆ 1 ಮಿಲಿಗ್ರಾಂ ಗ್ಲುಟಾಥಯೋನ್ ಎಂಬ ಅಪಕರ್ಷಕ ವಸ್ತು ಇದೆ. ಕ್ಯಾಲ್ಸಿಯಂ ನೈಟ್ರೇಟ್ ಕೂಡ ಇರುವುದರಿಂದ ಸುಮಾರು 0.85 ಮಿಲಿಮೋಲಾರ್ ನೈಟ್ರೇಟ್ ಮೊದಲೇ ಸೇರಿಕೊಂಡಿರುತ್ತದೆ. ಪ್ಲಾಸ್ಮಾದಿಂದ ಬಂದ ನೈಟ್ರೇಟನ್ನು ಆರ್‌ಪಿಎಂಐನಲ್ಲಿ ಅಳೆಯಹೊರಟವರು ಈ ಹಿನ್ನೆಲೆಯನ್ನು ಕಳೆಯದೆ ಮೋಸಹೋಗುತ್ತಾರೆ.

ಮೆಥಿಯೋನಿನ್, ಸಿಸ್ಟೀನ್, ಟ್ರಿಪ್ಟೋಫಾನ್, ಟೈರೋಸಿನ್ ಎಂಬ ಅಮೈನೋ ಆಮ್ಲಗಳು ಪ್ಲಾಸ್ಮಾದ ಕಣಗಳೊಡನೆ ಸುಲಭವಾಗಿ ವರ್ತಿಸುತ್ತವೆ. ಡಿಎಂಇಎಂ ಮತ್ತು ಆರ್‌ಪಿಎಂಐಗಳಲ್ಲಿ ಇರುವುದು ಸಿಸ್ಟೀನ್‌ನ ಉತ್ಕರ್ಷಿತ ಜೋಡಿರೂಪವಾದ ಸಿಸ್ಟಿನ್. ಡಿಎಂಇಎಂ/ಎಫ್-12 ಮಿಶ್ರಣದಲ್ಲಿ ಸಿಸ್ಟೀನ್ ಕೂಡ ಇದೆ. ಪಟ್ಟಿಯಲ್ಲಿ ಈ ಎರಡು ಹೆಸರುಗಳನ್ನು ಒಂದೇ ಎಂದು ಓದಿಬಿಡುವುದು ಸುಲಭ, ಎಚ್ಚರವಿರಲಿ.

ಮೀಡಿಯಂಗೆ ಸೇರಿಸುವ ಸೀರಮ್ (ಪ್ರಾಣಿಗಳ ರಕ್ತದ ದ್ರವಭಾಗ) ಇನ್ನೊಂದು ದೊಡ್ಡ ಅನಿಶ್ಚಿತ ಘಟಕ. ಅದರಲ್ಲಿರುವ ಆಲ್ಬುಮಿನ್‌ನಂಥ ಪ್ರೋಟೀನುಗಳೂ ಅಲ್ಪಸ್ವಲ್ಪ ಕೆಟಲೇಸೂ ಪ್ಲಾಸ್ಮಾದ ಪರಿಣಾಮವನ್ನು ತಗ್ಗಿಸುತ್ತವೆ, ಮತ್ತು ಲಾಟ್‌ನಿಂದ ಲಾಟ್‌ಗೆ ಅವುಗಳ ಪ್ರಮಾಣ ಬೇರೆ. ಒಂದು ಇಡೀ ಪ್ರಬಂಧದ ಕೆಲಸಕ್ಕೆ ಒಂದೇ ಲಾಟ್‌ನ ಸೀರಮ್ ತೆಗೆದಿರಿಸುವುದು ಖರ್ಚಿನ ಮಾತಾದರೂ ತಪ್ಪಿಸಬಾರದ ಖರ್ಚು.

ಹೆಪಿಸ್ ಎಂಬ ಬಫರ್ (ಪಿಎಚ್ ಸ್ಥಿರವಾಗಿಡುವ ವಸ್ತು) ಇರುವ ಮೀಡಿಯಂ ಬೆಳಕಿಗೆ ಸಿಕ್ಕರೆ ರೈಬೋಫ್ಲಾವಿನ್‌ನ ಸಹಾಯದಿಂದ ತಾನೇ ಪೆರಾಕ್ಸೈಡ್ ಉಂಟುಮಾಡುತ್ತದೆ. ಕಿಟಕಿಯ ಬಳಿ, ಟ್ಯೂಬ್‌ಲೈಟ್ ಕೆಳಗೆ ಗಂಟೆಗಟ್ಟಲೆ ಬಿಟ್ಟ ಬಾಟಲಿಯನ್ನು ಈ ಪ್ರಯೋಗಕ್ಕೆ ಬಳಸಬೇಡಿ.

ಹಂತ 2: ಪ್ಲಾಸ್ಮಾ ಇಲ್ಲದೆಯೇ ಪೆರಾಕ್ಸೈಡ್ ಉಳಿವಿನ ಪರೀಕ್ಷೆ

ಇದು ಊರಿನಲ್ಲಿಯೇ ಮಾಡಬಹುದಾದ ಹಂತ. ಕಾರವಾರದ ಅಥವಾ ಶಿರಸಿಯ ಯಾವುದೇ ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿರುವ ಕಲರಿಮೀಟರ್ ಸಾಕು. ದೂರದ ಪ್ರಯೋಗಾಲಯದಲ್ಲಿ ಯಂತ್ರದ ಸಮಯ ಸಿಗುವುದು ಕಷ್ಟ. ಅಲ್ಲಿಗೆ ಹೋಗುವ ಮೊದಲೇ ನಿಮ್ಮ ಮೀಡಿಯಂ ಎಷ್ಟು ಪೆರಾಕ್ಸೈಡ್ ನುಂಗುತ್ತದೆ ಎಂದು ತಿಳಿದಿರಬೇಕು.

ಆರು ದ್ರವಗಳನ್ನು ಸಿದ್ಧಪಡಿಸಿ: ಪಿಬಿಎಸ್ (ಫಾಸ್ಫೇಟ್ ಬಫರ್ ಇರುವ ಉಪ್ಪುನೀರು), 1 ಮಿಲಿಮೋಲಾರ್ ಪೈರುವೇಟ್ ಸೇರಿಸಿದ ಪಿಬಿಎಸ್, ಪೈರುವೇಟ್ ಇಲ್ಲದ ಡಿಎಂಇಎಂ, ಪೈರುವೇಟ್ ಇರುವ ಡಿಎಂಇಎಂ, ಈ ಕೊನೆಯ ಎರಡಕ್ಕೆ 10 ಶೇಕಡಾ ಸೀರಮ್ ಸೇರಿಸಿದ ಎರಡು. ಪ್ರತಿಯೊಂದಕ್ಕೂ 200 ಮೈಕ್ರೋಮೋಲಾರ್ ಆಗುವಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಹಾಕಿದ ತಕ್ಷಣ ಮತ್ತು 5, 15, 30, 60 ನಿಮಿಷಗಳಲ್ಲಿ ಮಾದರಿ ತೆಗೆದು ಟೈಟಾನಿಯಂ ಆಕ್ಸಿಸಲ್ಫೇಟ್‌ಗೆ ಬೆರೆಸಿ. ಹುಟ್ಟುವ ಹಳದಿ ಬಣ್ಣವನ್ನು 410 ನ್ಯಾನೋಮೀಟರ್ ಆಸುಪಾಸಿನಲ್ಲಿ ಓದಿ. ಕಲರಿಮೀಟರ್‌ನ 420ರ ಫಿಲ್ಟರ್ ಕೂಡ ನಡೆಯುತ್ತದೆ.

30 ಶೇಕಡಾ ದ್ರಾವಣ ಹೊಸದಿದ್ದಾಗ ಸುಮಾರು 9.8 ಮೋಲಾರ್ ಇರುತ್ತದೆ, ಆದರೆ ತೆರೆದಿಟ್ಟ ಬಾಟಲಿ ದುರ್ಬಲವಾಗುತ್ತ ಹೋಗುತ್ತದೆ. ಲೇಬಲ್ ನಂಬದೆ, ದುರ್ಬಲಗೊಳಿಸಿದ ದ್ರಾವಣವನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ (ಇದೊಂದಕ್ಕೆ ಕಲರಿಮೀಟರ್ ಸಾಲದು) 240 ನ್ಯಾನೋಮೀಟರ್‌ನಲ್ಲಿ ಅಳೆದು 43.6 ಎಂಬ ಮೋಲಾರ್ ಹೀರಿಕೆಯ ಗುಣಾಂಕದಿಂದ ಭಾಗಿಸಿ ನಿಜವಾದ ಸಾಂದ್ರತೆ ಕಂಡುಕೊಳ್ಳಿ.

ಪೈರುವೇಟ್ ಇರುವ ದ್ರವಗಳಲ್ಲಿ ಒಂದು ಗಂಟೆಯೊಳಗೆ ಬಣ್ಣ ಬಹುತೇಕ ಮಾಯವಾಗಬೇಕು, ಬರಿಯ ಪಿಬಿಎಸ್‌ನಲ್ಲಿ ಉಳಿಯಬೇಕು. ಬರಿಯ ಪಿಬಿಎಸ್‌ನಲ್ಲಿಯೂ ಪೆರಾಕ್ಸೈಡ್ ಇಳಿಯುತ್ತಿದ್ದರೆ ಪಾತ್ರೆಯಲ್ಲಿ ಲೋಹದ ಅಂಶವೋ ಸೂಕ್ಷ್ಮಜೀವಿಯೋ ಸೇರಿದೆ ಎಂದು ಶಂಕಿಸಿ. ಅದನ್ನು ಸರಿಪಡಿಸದೆ ಮುಂದಕ್ಕೆ ಹೋಗಬೇಡಿ.

ಹಂತ 3: ಕೋಶಗಳಿಲ್ಲದ ಪ್ಲೇಟ್‌ಗೆ ಪ್ಲಾಸ್ಮಾ ಹಾಯಿಸಿ

ಈಗ ಅದೇ ಆರು ದ್ರವಗಳನ್ನು ಖಾಲಿ ಪ್ಲೇಟ್‌ನಲ್ಲಿ ಪ್ಲಾಸ್ಮಾಕ್ಕೆ ಒಡ್ಡಿ. ಜೆಟ್‌ನ ತುದಿಯಿಂದ ದ್ರವದ ಮೇಲ್ಮೈಗೆ ಇರುವ ಅಂತರ, ಅನಿಲದ ಹರಿವು, ದ್ರವದ ಪ್ರಮಾಣ, ಪ್ಲೇಟ್‌ನ ಬಗೆ ಮತ್ತು ಪ್ಲೇಟ್‌ನ ಕೆಳಗಿರುವ ಮೇಜು ಲೋಹದ್ದೋ ಪ್ಲಾಸ್ಟಿಕ್‌ನದ್ದೋ ಎಂಬ ಐದು ಸಂಗತಿಗಳನ್ನು ಇಲ್ಲಿಯೇ ಸ್ಥಿರಪಡಿಸಿ. ಆಮೇಲೆ ಒಂದನ್ನೂ ಬದಲಿಸಕೂಡದು. 24 ವೆಲ್‌ಗಳ (ಸಣ್ಣ ಗುಳಿಗಳ) ಪ್ಲೇಟ್‌ನಲ್ಲಿ ಅರ್ಧ ಮಿಲಿಲೀಟರ್ ದ್ರವ ಸುಮಾರು 2.6 ಮಿಲಿಮೀಟರ್ ಎತ್ತರ ನಿಲ್ಲುತ್ತದೆ, 96 ವೆಲ್‌ಗಳ ಪ್ಲೇಟ್‌ನಲ್ಲಿ 100 ಮೈಕ್ರೋಲೀಟರ್ ಸುಮಾರು 3 ಮಿಲಿಮೀಟರ್. ಎತ್ತರ ಹತ್ತಿರ ಹತ್ತಿರ ಇದ್ದರೂ ದ್ರವದ ಪ್ರಮಾಣ ಐದು ಪಟ್ಟು ಬೇರೆ ಆದ್ದರಿಂದ, ಒಂದೇ ಅವಧಿಯ ಪ್ಲಾಸ್ಮಾ ಎರಡರಲ್ಲಿ ಬೇರೆ ಬೇರೆ ಸಾಂದ್ರತೆ ಕೊಡುತ್ತದೆ.

ಪ್ರತಿ ವೆಲ್‌ನಲ್ಲಿಯೂ ಪೆರಾಕ್ಸೈಡ್, ನೈಟ್ರೈಟ್, ಪಿಎಚ್, ಉಷ್ಣತೆ ಅಳೆಯಿರಿ ಮತ್ತು ಪ್ಲೇಟನ್ನು ಮೊದಲೂ ನಂತರವೂ ತೂಗಿ. ನಿಮಿಷಕ್ಕೆ ಕೆಲವು ಲೀಟರ್ ಒಣ ಅನಿಲ ಬೀಸಿದರೆ ಸಣ್ಣ ವೆಲ್‌ನ ನೀರು ಆರುತ್ತದೆ, ಉಪ್ಪಿನ ಸಾಂದ್ರತೆ ಏರುತ್ತದೆ, ಮತ್ತು ಆ ಏರಿಕೆಯಿಂದಲೇ ಕೋಶಗಳು ನರಳಬಹುದು. ಕಳೆದ ತೂಕದಷ್ಟು ನಿರ್ಜಂತುಕ ನೀರನ್ನು ಸೇರಿಸಿ ಸರಿದೂಗಿಸಬೇಕು. ಇಲ್ಲಿ ಮೀಡಿಯಂ ಸೇರಿಸುವುದು ತಪ್ಪು.

ಪಿಎಚ್ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಬಫರ್ ಇಲ್ಲದ ಸಾಮಾನ್ಯ ಸಲೈನ್‌ನಲ್ಲಿ ಪ್ಲಾಸ್ಮಾ ಹಾಯಿಸಿದರೆ ದ್ರವ ಬೇಗನೆ ಆಮ್ಲೀಯವಾಗುತ್ತದೆ, ಆ ಆಮ್ಲದಲ್ಲಿ ನೈಟ್ರೈಟ್ ಮತ್ತು ಪೆರಾಕ್ಸೈಡ್ ಕೂಡಿ ಪೆರಾಕ್ಸಿನೈಟ್ರಸ್ ಆಮ್ಲ ಹುಟ್ಟುತ್ತದೆ. ಬೈಕಾರ್ಬೊನೇಟ್ ಇರುವ ಮೀಡಿಯಂನಲ್ಲಿ ಇದು ನಡೆಯದು, ಅಲ್ಲಿ ಬೇರೊಂದು ತೊಂದರೆ ಉಂಟು: ಇನ್‌ಕ್ಯುಬೇಟರ್‌ನಿಂದ ಹೊರತೆಗೆದ ಪ್ಲೇಟ್‌ನಿಂದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಮೇಲಿನಿಂದ ಬೀಸುವ ಆರ್ಗಾನ್ ಅದನ್ನು ಇನ್ನಷ್ಟು ಬೇಗ ಹೊರಹಾಕುತ್ತದೆ, ಪಿಎಚ್ ಏರುತ್ತದೆ. ಮೀಡಿಯಂನ ಬಣ್ಣ ಮುರುಗಲು ಪಾನಕದಂತೆ ಗಾಢ ಗುಲಾಬಿಗೆ ತಿರುಗಿದ್ದರೆ ಅದು ಎಚ್ಚರಿಕೆಯ ಚಿಹ್ನೆ. ಆ ವೆಲ್‌ನ ಫಲಿತಾಂಶವನ್ನು ಪ್ಲಾಸ್ಮಾದ ಲೆಕ್ಕಕ್ಕೆ ಬರೆಯಬಾರದು.

ಹಂತ 4: ಅಳತೆಯಲ್ಲಿ ಬಣ್ಣದ ಅಡ್ಡಿಯನ್ನು ತೆಗೆಯಿರಿ

ಮೀಡಿಯಂಗೆ ಬಣ್ಣ ಕೊಡುವ ಪಿಎಚ್ ಸೂಚಕವಾದ ಫೀನಾಲ್ ರೆಡ್ ಆಮ್ಲದಲ್ಲಿ ಹಳದಿಯಾಗಿ 430 ನ್ಯಾನೋಮೀಟರ್ ಬಳಿ, ಕ್ಷಾರದಲ್ಲಿ ಕೆಂಪಾಗಿ 560ರ ಬಳಿ ಬೆಳಕು ಹೀರುತ್ತದೆ. ಟೈಟಾನಿಯಂ ಪರೀಕ್ಷೆಯ ಹಳದಿಯೂ ಗ್ರೀಸ್ ಪರೀಕ್ಷೆಯ 540ರ ಗುಲಾಬಿಯೂ ಇದರ ಪಕ್ಕದಲ್ಲಿಯೇ ಬರುತ್ತವೆ. ಸಾಧ್ಯವಿದ್ದರೆ ಫೀನಾಲ್ ರೆಡ್ ಇಲ್ಲದ ಮೀಡಿಯಂ ತರಿಸಿ. ಇಲ್ಲವಾದರೆ ಪ್ರತಿ ದ್ರವಕ್ಕೂ ಅದೇ ದ್ರವದ ಖಾಲಿ ಮಾದರಿಯನ್ನು ಇಟ್ಟು ಕಳೆಯಿರಿ.

ಟೈಟಾನಿಯಂ ದ್ರಾವಣ ಬಲವಾದ ಆಮ್ಲ. ಅದರಲ್ಲಿ ಮಾದರಿಯ ನೈಟ್ರೈಟ್ ಪೆರಾಕ್ಸೈಡನ್ನು ಕೆಡಿಸುತ್ತದೆ, ಆದ್ದರಿಂದ ಮೊದಲು ಸೋಡಿಯಂ ಅಜೈಡ್ ಬೆರೆಸಿ ನೈಟ್ರೈಟ್‌ನ ಅಡ್ಡಿಯನ್ನು ತೆಗೆದು, ಆಮೇಲೆ ಟೈಟಾನಿಯಂ ಹಾಕಬೇಕು. ಈ ಕ್ರಮ ತಿರುಗುಮುರುಗಾದರೆ ಪೆರಾಕ್ಸೈಡ್ ಇಲ್ಲ ಎಂಬ ಸುಳ್ಳು ಉತ್ತರ ಬರುತ್ತದೆ. ಮಾನಕ ರೇಖೆಯನ್ನು (ಗೊತ್ತಿರುವ ಸಾಂದ್ರತೆಗಳನ್ನು ಅಳೆದು ಎಳೆಯುವ ರೇಖೆ) ನೀರಿನಲ್ಲಿ ತಯಾರಿಸಿ ಮೀಡಿಯಂಗೆ ಅನ್ವಯಿಸುವುದು ಎಲ್ಲೆಡೆ ಕಾಣುವ ತಪ್ಪು. ಅದೇ ಮೀಡಿಯಂನಲ್ಲಿ ತಯಾರಿಸಿ, ಪೈರುವೇಟ್ ಇದ್ದರೆ ಬೆರೆಸಿದ ಕೂಡಲೇ ಓದಿ.

ಹಂತ 5: ಕರಾವಳಿಯ ತೇವಾಂಶವನ್ನು ಲೆಕ್ಕಕ್ಕೆ ಹಿಡಿಯಿರಿ

ಜೆಟ್‌ನ ಸುತ್ತಲಿನ ಗಾಳಿಯ ನೀರಾವಿಯೂ ಅನಿಲದ ಕೊಳವೆಯಲ್ಲಿ ಸೇರಿಕೊಂಡ ತೇವವೂ ಪ್ಲಾಸ್ಮಾದೊಳಗೆ ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಆಗುತ್ತವೆ, ಅವು ಎರಡೆರಡು ಕೂಡಿ ಪೆರಾಕ್ಸೈಡ್ ಆಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 80 ಶೇಕಡಾ ಸಾಪೇಕ್ಷ ತೇವಾಂಶವಿರುವ ಕಾರವಾರದ ಮಳೆಗಾಲದ ಕೋಣೆಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. 24 ಡಿಗ್ರಿಯಲ್ಲಿ 50 ಶೇಕಡಾ ಇರುವ ಎಸಿ ಕೋಣೆಯಲ್ಲಿ ಸುಮಾರು 11 ಗ್ರಾಂ. ಜುಲೈನಲ್ಲಿ ಕಿಟಕಿ ತೆರೆದು ಮಾಡಿದ ಪ್ರಯೋಗವನ್ನು ಜನವರಿಯ ಪ್ರಯೋಗದೊಂದಿಗೆ ಹೋಲಿಸುವವರು ಎರಡು ಬೇರೆ ಯಂತ್ರಗಳನ್ನು ಹೋಲಿಸಿದಂತೆಯೇ. ಶಿರಸಿಯಲ್ಲಿ ತಾಪ ಕಡಿಮೆಯಾದರೂ ಮಳೆಗಾಲದ ತೇವಕ್ಕೆ ವಿನಾಯಿತಿಯಿಲ್ಲ.

ಪ್ಲಾಸ್ಟಿಕ್ ಕೊಳವೆಗಳು ಗೋಡೆಯ ಮೂಲಕವೂ ತೇವ ಒಳಬಿಡುತ್ತವೆ, ಆದ್ದರಿಂದ ಕೊಳವೆ ಚಿಕ್ಕದಿರಲಿ, ಸಾಧ್ಯವಾದರೆ ಲೋಹದ್ದಿರಲಿ. ಮೊದಲ ವೆಲ್‌ಗೆ ಮುಂಚೆ ಅನಿಲವನ್ನು ಸಾಕಷ್ಟು ಹೊತ್ತು ಹರಿಯಬಿಡಿ. ದಿನದ ಮೊದಲ ವೆಲ್‌ಗಳಲ್ಲಿ ಪೆರಾಕ್ಸೈಡ್ ಹೆಚ್ಚು, ನಂತರದವುಗಳಲ್ಲಿ ಕ್ರಮೇಣ ಇಳಿಕೆ ಕಂಡರೆ ಕೊಳವೆ ಇನ್ನೂ ಒಣಗುತ್ತಿದೆ ಎಂದರ್ಥ. ಪ್ರತಿದಿನ ಕೆಲಸ ಆರಂಭಿಸುವಾಗ ಒಂದು ಪಿಬಿಎಸ್ ವೆಲ್‌ಗೆ ಪ್ಲಾಸ್ಮಾ ಹಾಯಿಸಿ ಪೆರಾಕ್ಸೈಡ್ ಅಳೆದು ಬರೆದಿಟ್ಟರೆ ಆ ದಿನದ ಯಂತ್ರದ ಸ್ಥಿತಿ ತಿಳಿಯುತ್ತದೆ.

ಮಳೆಗಾಲದ ವಿದ್ಯುತ್ ನಿಲುಗಡೆಯಲ್ಲಿ ಫ್ರಿಜ್ ಬೆಚ್ಚಗಾದರೆ ಮೀಡಿಯಂನ ಗ್ಲುಟಮಿನ್ ಒಡೆದು ಅಮೋನಿಯಾ ಆಗುತ್ತದೆ. ಅಂಥ ಬಾಟಲಿಯನ್ನು ಕೋಶ ಸಾಕಲು ಬಳಸಬಹುದೇನೋ, ಪ್ಲಾಸ್ಮಾ ಪ್ರಯೋಗಕ್ಕೆ ಬೇಡ.

ಹಂತ 6: ಎರಡೂ ಬಗೆಯ ಕೋಶಗಳಿಗೆ ಒಂದೇ ದ್ರವ

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಪ್ರಾಮಾಣಿಕತೆ ಈ ಹಂತದಲ್ಲಿದೆ. ಪ್ಲಾಸ್ಮಾ ಕ್ಯಾನ್ಸರ್ ಕೋಶಗಳನ್ನು ಆಯ್ದು ಕೊಲ್ಲುತ್ತದೆ, ಸಾಮಾನ್ಯ ಕೋಶಗಳನ್ನು ಉಳಿಸುತ್ತದೆ ಎಂಬ ವಾಕ್ಯವನ್ನು ಬರೆಯಲು ಎಲ್ಲರಿಗೂ ಆಸೆ. ಸೆಲ್ ಲೈನ್ ಜೊತೆಗೆ ಬರುವ ಮಾಹಿತಿ ಪತ್ರ, ಅದು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಬಂದರೂ ಬೇರೆಡೆಯಿಂದ ಬಂದರೂ, ಒಂದೊಂದಕ್ಕೆ ಒಂದೊಂದು ಮೀಡಿಯಂ ಹೇಳುತ್ತದೆ. ಕರುಳಿನ ಕ್ಯಾನ್ಸರ್‌ನ ಎಚ್‌ಸಿಟಿ-116 ಕೋಶಗಳಿಗೆ ಸಾಮಾನ್ಯವಾಗಿ ಹೇಳುವ ಮೆಕಾಯ್ಸ್ 5ಎ ಮೀಡಿಯಂನಲ್ಲಿ ಪೈರುವೇಟ್ ಇಲ್ಲ. ಹೋಲಿಕೆಗೆ ಇಟ್ಟ, ಸಾಮಾನ್ಯ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳು ಪೈರುವೇಟ್ ಇರುವ ಡಿಎಂಇಎಂನಲ್ಲಿದ್ದರೆ ಅವು ಉಳಿದದ್ದು ಸಾಮಾನ್ಯ ಕೋಶಗಳೆಂಬ ಕಾರಣಕ್ಕಲ್ಲ, ಪೈರುವೇಟ್ ಕಾಪಾಡಿದ್ದಕ್ಕೆ. ಶ್ವಾಸಕೋಶದ ಕ್ಯಾನ್ಸರ್‌ನ ಎ549 ಕೋಶಗಳಿಗೆ ಹೇಳುವ ಎಫ್-12ಕೆಯಲ್ಲಿ 2 ಮಿಲಿಮೋಲಾರ್ ಪೈರುವೇಟ್ ಇದೆ. ಅಲ್ಲಿ ಫಲಿತಾಂಶ ತಿರುಗಿ, ಕ್ಯಾನ್ಸರ್ ಕೋಶವೇ ಗಟ್ಟಿ ಎಂಬಂತೆ ಕಾಣಬಹುದು.

ಆದ್ದರಿಂದ ಕೋಶಗಳನ್ನು ಅವುಗಳ ಮೀಡಿಯಂನಲ್ಲಿಯೇ ಬೆಳೆಸಿ, ಪ್ಲಾಸ್ಮಾ ಹಾಯಿಸುವ ಮುನ್ನ ಎರಡೂ ಬಗೆಯವನ್ನು ಪಿಬಿಎಸ್‌ನಿಂದ ತೊಳೆದು, ಒಂದೇ ಬಾಟಲಿಯ ಒಂದೇ ದ್ರವವನ್ನು ಎರಡಕ್ಕೂ ಹಾಕಬೇಕು. ಹಳೆಯ ಮೀಡಿಯಂನಲ್ಲಿಯೇ ಪ್ಲಾಸ್ಮಾ ಹಾಯಿಸುವುದು ತಪ್ಪು, ಏಕೆಂದರೆ ಬೆಳೆಯುವ ಕೋಶಗಳು ತಾವೇ ಪೈರುವೇಟ್ ಹೊರಬಿಡುತ್ತವೆ. ಪೈರುವೇಟ್ ಇಲ್ಲದ ಬಾಟಲಿಯ ಮೀಡಿಯಂ ಕೂಡ ಎರಡು ದಿನಗಳ ನಂತರ ಪೈರುವೇಟ್ ಇಲ್ಲದ್ದಾಗಿ ಉಳಿದಿರುವುದಿಲ್ಲ.

ಕೋಶಗಳ ಸಂಖ್ಯೆಯೂ ಒಂದೇ ಇರಬೇಕು. 100 ಮೈಕ್ರೋಮೋಲಾರ್ ಪೆರಾಕ್ಸೈಡ್ ಇರುವ 100 ಮೈಕ್ರೋಲೀಟರ್ ದ್ರವದಲ್ಲಿ 10 ನ್ಯಾನೋಮೋಲ್ ಇರುತ್ತದೆ, 10,000 ಕೋಶಗಳಿದ್ದರೆ ಒಂದೊಂದಕ್ಕೆ 1 ಪಿಕೋಮೋಲ್. ಅದೇ ಸಾಂದ್ರತೆಯ 1 ಮಿಲಿಲೀಟರ್‌ನಲ್ಲಿ ಅಷ್ಟೇ ಕೋಶಗಳಿದ್ದರೆ 10 ಪಿಕೋಮೋಲ್. ಕೋಶಗಳು ಪೆರಾಕ್ಸೈಡನ್ನು ತಾವೂ ಒಡೆಯುತ್ತವೆ, ದಟ್ಟವಾಗಿದ್ದಷ್ಟೂ ಒಂದನ್ನೊಂದು ಕಾಪಾಡುತ್ತವೆ.

ಹಂತ 7: ಕಂಟ್ರೋಲ್‌ಗಳು

ಹೋಲಿಕೆಗೆಂದು ಇಡುವ ಕಂಟ್ರೋಲ್‌ಗಳಲ್ಲಿ ಏನೂ ಮಾಡದ ವೆಲ್ ಒಂದೇ ಸಾಲದು. ಪ್ಲಾಸ್ಮಾ ಹೊತ್ತಿಸದೆ ಅನಿಲವನ್ನಷ್ಟೇ ಬೀಸಿದ ವೆಲ್ ಇರಲಿ. ಒಣಗುವಿಕೆಯ ಮತ್ತು ಪಿಎಚ್ ಏರಿಕೆಯ ಪಾಲು ಅದರಿಂದ ತಿಳಿಯುತ್ತದೆ. ಹಂತ 3ರಲ್ಲಿ ಅಳೆದಷ್ಟೇ ಪೆರಾಕ್ಸೈಡನ್ನು ಕೈಯಿಂದ ಸೇರಿಸಿದ ವೆಲ್, ಪ್ಲಾಸ್ಮಾದ ಜೊತೆ ಕೆಟಲೇಸ್ ಇರುವ ವೆಲ್, ಕುದಿಸಿ ನಿಷ್ಕ್ರಿಯಗೊಳಿಸಿದ ಕೆಟಲೇಸ್ ಇರುವ ವೆಲ್, ಪೈರುವೇಟ್ ಸೇರಿಸಿದ ವೆಲ್ ಸಹ ಬೇಕು. ಕೆಟಲೇಸ್ ಹಾಕಿದಾಗ ಕೋಶಗಳು ಪೂರ್ತಿ ಉಳಿದರೆ ಕೊಂದದ್ದು ಪೆರಾಕ್ಸೈಡ್. ಅರ್ಧವಷ್ಟೇ ಉಳಿದರೆ ಬೇರೆ ಕಾರಣವೂ ಇದೆ. ಕುದಿಸಿದ ಕೆಟಲೇಸ್ ಕೂಡ ಅಷ್ಟೇ ಉಳಿಸಿದರೆ ಉಳಿಸಿದ್ದು ಕಿಣ್ವವಲ್ಲ, ಬರಿಯ ಪ್ರೋಟೀನ್.

ಜೆಟ್‌ನ ಅನಿಲ ಪಕ್ಕದ ವೆಲ್‌ಗಳ ಮೇಲೂ ಹರಡುತ್ತದೆ. ಕಂಟ್ರೋಲ್‌ಗಳನ್ನು ಬೇರೆ ಪ್ಲೇಟ್‌ನಲ್ಲಿಡಿ, ಪ್ಲಾಸ್ಮಾ ಹಾಯಿಸುವ ವೆಲ್‌ಗಳ ನಡುವೆ ಖಾಲಿ ಸಾಲು ಬಿಡಿ.

ಹಂತ 8: ಪ್ಲಾಸ್ಮಾದ ನಂತರದ ಸಮಯ

ಒಡ್ಡಿದ ದ್ರವ ಕೋಶಗಳ ಮೇಲೆ ಎಷ್ಟು ಹೊತ್ತು ಇರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಪಿಬಿಎಸ್‌ನಲ್ಲಿ ಪೋಷಕಗಳಿಲ್ಲದ ಕಾರಣ ಕೋಶಗಳನ್ನು ಹೆಚ್ಚು ಹೊತ್ತು ಇಡಲಾಗದು. ಅವಧಿ ಮುಗಿದೊಡನೆ ಪೂರ್ಣ ಮೀಡಿಯಂ ಹಾಕಬೇಕಾಗುತ್ತದೆ, ಆಗ ಅದರಲ್ಲಿ ಪೈರುವೇಟ್ ಇದ್ದರೆ ಅದು ಉಳಿದ ಪೆರಾಕ್ಸೈಡನ್ನು ನಿಲ್ಲಿಸುತ್ತದೆ. ಕೆಲವರು ಹತ್ತು ನಿಮಿಷಕ್ಕೆ, ಕೆಲವರು ಒಂದು ಗಂಟೆಗೆ ಮೀಡಿಯಂ ಹಾಕಿ ಫಲಿತಾಂಶಗಳನ್ನು ಒಟ್ಟುಗೂಡಿಸುವುದರಿಂದ ಅಂಕಿಗಳು ಚೆದರುತ್ತವೆ.

ದ್ರವಕ್ಕೆ ಬೇರೆಡೆ ಪ್ಲಾಸ್ಮಾ ಹಾಯಿಸಿ ಆಮೇಲೆ ಕೋಶಗಳಿಗೆ ಹಾಕುವ ಪರೋಕ್ಷ ವಿಧಾನದಲ್ಲಿ ಹಾಯಿಸಿದ ಮತ್ತು ಹಾಕಿದ ಸಮಯಗಳ ನಡುವಿನ ಅಂತರವೂ ಒಂದೇ ಇರಬೇಕು. ಅಂಥ ಮೀಡಿಯಂ ಅನ್ನು ಶೇಖರಿಸಿಟ್ಟರೆ ಅಮೈನೋ ಆಮ್ಲಗಳು ಪೆರಾಕ್ಸೈಡನ್ನು ಮೆಲ್ಲಗೆ ತಿನ್ನುತ್ತಲೇ ಇರುತ್ತವೆ. ಶೇಖರಿಸಬೇಕಾದರೆ ಬಳಸುವ ದಿನ ಮತ್ತೆ ಅಳೆಯದೆ ಹಾಕಬೇಡಿ.

ಹಂತ 9: ಕೋಶಗಳ ಉಳಿವನ್ನು ಅಳೆಯುವುದು

ಎಂಟಿಟಿ ಪರೀಕ್ಷೆಗೆ (ಜೀವಂತ ಕೋಶಗಳು ಹಳದಿ ವಸ್ತುವನ್ನು ನೇರಳೆಗೆ ತಿರುಗಿಸುವುದನ್ನು ಅಳೆಯುವ ಪರೀಕ್ಷೆ) ಮುನ್ನ ಒಡ್ಡಿದ ದ್ರವವನ್ನು ತೆಗೆದು ಹೊಸ ಮೀಡಿಯಂ ಹಾಕಿ, ಏಕೆಂದರೆ ಗ್ಲುಟಾಥಯೋನ್‌ನಂಥ ಅಪಕರ್ಷಕ ವಸ್ತುಗಳು ಕೋಶಗಳಿಲ್ಲದೆಯೂ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಕೋಶರಹಿತ ವೆಲ್ ಒಂದನ್ನು ಇದಕ್ಕಾಗಿಯೇ ಇಡಿ. ಪ್ಲಾಸ್ಮಾದ ಹಾನಿ ಕಾಣಲು ಸಮಯ ಬೇಕಾದ್ದರಿಂದ 24 ಮತ್ತು 48 ಗಂಟೆಗಳೆರಡರಲ್ಲೂ ಓದಿ. ಎಂಟಿಟಿ ತೋರಿಸುವುದು ಚಯಾಪಚಯವನ್ನು. ಸಾವನ್ನು ಹೇಳಬೇಕಾದರೆ ಸತ್ತ ಅಥವಾ ಸಾಯುತ್ತಿರುವ ಕೋಶಗಳನ್ನು ಗುರುತಿಸುವ ಟ್ರಿಪಾನ್ ನೀಲಿ ಅಥವಾ ಅನೆಕ್ಸಿನ್ ಪರೀಕ್ಷೆಯೊಂದು ಜೊತೆಗಿರಬೇಕು.

ಹಂತ 10: ವರದಿಯಲ್ಲಿ ಬರೆಯಬೇಕಾದದ್ದು

ಮೀಡಿಯಂನ ಕ್ಯಾಟಲಾಗ್ ಸಂಖ್ಯೆ, ಪೈರುವೇಟ್ ಸಾಂದ್ರತೆ, ಸೀರಮ್‌ನ ಶೇಕಡಾವಾರು ಮತ್ತು ಲಾಟ್, ಫೀನಾಲ್ ರೆಡ್ ಮತ್ತು ಹೆಪಿಸ್ ಇದ್ದವೋ ಇಲ್ಲವೋ, ವೆಲ್‌ನ ದ್ರವದ ಪ್ರಮಾಣ, ಕೋಶಗಳ ಸಂಖ್ಯೆ, ಅಂತರ, ಹರಿವು, ಕೋಣೆಯ ಉಷ್ಣತೆ ಮತ್ತು ತೇವಾಂಶ, ಒಣಗಿದ ನೀರಿನ ತೂಕ ಇವಿಷ್ಟೂ ವಿಧಾನದ ಅಧ್ಯಾಯದಲ್ಲಿ ಬರಲಿ. ಪೆರಾಕ್ಸೈಡ್‌ನ ಪ್ರತಿ ಅಂಕಿಯ ಪಕ್ಕದಲ್ಲಿ ಅದನ್ನು ಪ್ಲಾಸ್ಮಾ ಮುಗಿದ ಎಷ್ಟು ನಿಮಿಷಕ್ಕೆ ಅಳೆದಿರಿ ಎಂದು ಬರೆಯಿರಿ. ಚಿತ್ರಗಳ ಅಡ್ಡ ಅಕ್ಷದಲ್ಲಿ ಸೆಕೆಂಡುಗಳನ್ನು ಕೊಡುವುದಾದರೆ, ಅದರ ಕೆಳಗೆ ಇನ್ನೊಂದು ಅಕ್ಷ ಎಳೆದು ಆ ದ್ರವದಲ್ಲಿ ಅಳೆದ ಪೆರಾಕ್ಸೈಡ್ ಸಾಂದ್ರತೆಯನ್ನೂ ಕೊಡಿ. ಬೇರೆ ಮೀಡಿಯಂ ಬಳಸುವವರು ನಿಮ್ಮ ಫಲಿತಾಂಶವನ್ನು ತಮ್ಮದರೊಂದಿಗೆ ಹೋಲಿಸುವುದು ಆ ಎರಡನೆಯ ಅಕ್ಷದಿಂದ.